ದೊಡ್ಡಪ್ಪನ ಬೆಂಚು

ಬಾಗೂರಿನ ಚಿಕ್ಕತಿಮ್ಮಪ್ಪನಿಗೆ ದವಡೆ ಹಲ್ಲು ನೋಯುತ್ತಿತ್ತು. ಅದಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಪಕ್ಕದ ಮನೆಯ ದುರುಗಣ್ಣನ ಸುಖ.

ಹೊಸದುರ್ಗಕ್ಕೆ ಡಾಕ್ಟರು ಬರುತ್ತಿದ್ದದ್ದು ಸೋಮವಾರ ಮಾತ್ರ, ಮಧ್ಯಾಹ್ನದ ಬಸ್ಸಿಗೆ ವಾಪಸು. ಹಲ್ಲಿಗೂ ಹುಣ್ಣಿಗೂ ಅವರೊಬ್ಬರೇ. ಕೋಳಿ ಕೂಗುವ ಹೊತ್ತಿಗೆ ಹೋಗಿ ಆಸ್ಪತ್ರೆಯ ಅಂಗಳದಲ್ಲಿ ಚಪ್ಪಲಿ ಸಾಲಾಗಿ ಬಿಡಬೇಕು. ಚಪ್ಪಲಿಯ ಸಾಲೇ ಸರದಿ. ಒಂದು ಕಾಲಿಲ್ಲದ ದುರುಗಣ್ಣ ಕಂಕುಳಿನ ಹುಣ್ಣಿಗೆ ಪಟ್ಟಿ ಹಾಕಿಸಲು ಕೋಲೂರಿಕೊಂಡು ಹೋಗುವಷ್ಟರಲ್ಲಿ ಸಾಲು ಬೀದಿಗೆ ಬಂದಿರುತ್ತಿತ್ತು. ಇದನ್ನು ನೋಡಲಾರದೆ ಕಾಂಪೌಂಡರ್ ದೊಡ್ಡಪ್ಪ ಹೊಸ ಏರ್ಪಾಡು ಮಾಡಿದ. ಕಣ್ಣು, ಕೈಕಾಲು ಊನವಾದವರು ಹಿಂದಿನ ದಿನ ಬಸ್ ಕಂಡಕ್ಟರಿಗೆ ಹೆಸರು ಹೇಳಿದರೆ ಸಾಕು, ಬೆಂಚಿನ ಮೇಲೆ ಕೂತು ಮೊದಲು ಒಳಗೆ ಹೋಗಬಹುದು.

ಅಂದಿನಿಂದ ದುರುಗಣ್ಣ ಬೇಗನೆ ಊರಿಗೆ ಮರಳಿ, ಡಾಕ್ಟರು ತನಗೆ ‘ಬರ್ರಿ, ಕುಂತ್ಕಳ್ರಿ’ ಅಂದದ್ದನ್ನು ಜಗಲಿ ಮೇಲೆ ವರ್ಣಿಸತೊಡಗಿದ. ಒಂದು ಕಾಲಿಗೇ ಇಷ್ಟು ಮರ್ಯಾದೆ, ಎರಡಿಟ್ಟುಕೊಂಡು ನಾನೇನು ಕಂಡೆ ಎಂದು ಚಿಕ್ಕತಿಮ್ಮಪ್ಪನ ಹೊಟ್ಟೆ ಉರಿಯಿತು. ಭಾನುವಾರ ಕಂಡಕ್ಟರನ್ನು ಹಿಡಿದು, ತನ್ನ ಕಾಲೂ ಹೋಯಿತೆಂದ.

ಬೆಳಗ್ಗೆ ಕಾಲಿಗೆ ಬಟ್ಟೆ ಸುತ್ತಿ ಬಸ್ಸು ಹತ್ತಿದ. ಅದೇ ಊರಿನ ಕೆಂಚಕ್ಕ ಎದ್ದು ಜಾಗ ಕೊಟ್ಟಳು. ಪಕ್ಕದಲ್ಲಿದ್ದ ಉಳುಕು ತೆಗೆಯುವ ಉಚ್ಚಂಗಮ್ಮ ಕೇಳದೆಯೇ ಕಾಲನ್ನು ತೊಡೆಗೆಳೆದುಕೊಂಡು ಹರಳೆಣ್ಣೆ ಹಚ್ಚಿ, ಹೆಬ್ಬೆರಳು ಹಿಡಿದು ಜಗ್ಗಿದಳು. ಜೀವ ಹೋದಂತಾಯಿತು. ನಿಜವಾಗಿಯೇ ಕುಂಟುತ್ತ ಇಳಿದ.

ಆಸ್ಪತ್ರೆಯಲ್ಲಿ ಬೆಂಚೇ ಕಾಣಲಿಲ್ಲ, ಅಷ್ಟು ಜನ. ಹೊಟ್ಟೆಕಿಚ್ಚು ತನ್ನೊಬ್ಬನದೇ ಅಂದುಕೊಂಡಿದ್ದ. ಸುತ್ತಮುತ್ತಲ ಊರುಗಳೆಲ್ಲ ಒಂದೇ ವಾರದಲ್ಲಿ ಊನವಾಗಿದ್ದವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮತ್ತೋಡಿನವನೊಬ್ಬ ಅದರ ಸಂದಿಯಿಂದಲೇ ಜಾಗ ಹುಡುಕುತ್ತಿದ್ದ. ಕುಂಟು ದೊಡ್ಡದೋ ಕುರುಡು ದೊಡ್ಡದೋ ಎಂದು ಜಗಳ ಹತ್ತಿತು. ಒಬ್ಬನ ಸುಳ್ಳನ್ನು ಇನ್ನೊಬ್ಬ ಬಯಲು ಮಾಡುವಂತಿರಲಿಲ್ಲ.

ದೊಡ್ಡಪ್ಪ ತಲೆ ಚಚ್ಚಿಕೊಂಡ. “ಯಾರು ಮೊದ್ಲು ಅಂತ ನೀವೇ ತೀರ್ಮಾನ ಮಾಡ್ಕಳ್ರಿ. ಅಲ್ಲಿಗಂಟ ಚಪ್ಲಿ ಸಾಲಿನೋರು ಬರ್ಲಿ.”

ಎಲ್ಲರೂ ಅಂಗಳದತ್ತ ನೋಡಿದರು. ಅಲ್ಲಿ ಒಂದೇ ಒಂದು ಚಪ್ಪಲಿ ಇತ್ತು, ಎಡಗಾಲಿನದು. ಬೆಂಚಿನಲ್ಲಿ ಜಾಗ ಸಿಗದೆ ಅದನ್ನು ಬಿಟ್ಟಿದ್ದ ದುರುಗಣ್ಣ ಕೋಲೂರಿಕೊಂಡು ನೆಟ್ಟಗೆ ಒಳಗೆ ಹೋದ.

ಅವನು ಹೊರಬಂದಾಗಲೂ ಜಗಳ ಮುಗಿದಿರಲಿಲ್ಲ. ಮಧ್ಯಾಹ್ನದ ಬಸ್ಸು ಹಾರ್ನ್ ಮಾಡಿತು, ಡಾಕ್ಟರು ಚೀಲ ಹಿಡಿದು ಹೊರಟೇಬಿಟ್ಟರು. ಹಲ್ಲಿಗೆ ಇನ್ನೊಂದು ವಾರ.

ದುರುಗಣ್ಣ ನಿಜವಾದ ಮರುಕದಿಂದ ಚಿಕ್ಕತಿಮ್ಮಪ್ಪನ ಕೈ ಹಿಡಿದು ಬಸ್ಸು ಹತ್ತಿಸಿದ. ಅವನೆದುರು ನೆಟ್ಟಗೆ ನಡೆಯಲಾಗದೆ ಚಿಕ್ಕತಿಮ್ಮಪ್ಪ ಮನೆಯ ತನಕ ಕುಂಟಬೇಕಾಯಿತು. ಅಕ್ಕಪಕ್ಕ ಕುಂಟುತ್ತ ಬರುತ್ತಿದ್ದ ಇಬ್ಬರನ್ನೂ ಚಿಕ್ಕತಿಮ್ಮಪ್ಪನ ಹೆಂಡತಿ ಹೊನ್ನಕ್ಕ ಬಾಗಿಲಲ್ಲೇ ನಿಂತು ನೋಡಿದಳು.

“ಕುಂಟೋದಾದ್ರೂ ದುರುಗಣ್ಣನ್ನ ನೋಡಿ ಕಲೀರಿ,” ಎಂದಳು. “ಎಷ್ಟ್ ಚೆಂದಾಗಿ ಬರ್ತಾನೆ.”