ಮಡಚುಮೇಜಿನ ಪ್ರತಿಜ್ಞೆ

ಆ ಶುಕ್ರವಾರ ಬೆಳಿಗ್ಗೆ ರೇಡಿಯೋದವರು ಫೋನ್ ಎತ್ತಿಬಿಟ್ಟರು. ಎಡವಟ್ಟಾದದ್ದೇ ಅಲ್ಲಿ.

ಅಂಚೆಯ ನಾರ್ಬರ್ಟ್ ವೋಯ್ಚಿಕ್ ವರ್ಷಗಟ್ಟಲೆಯಿಂದ ದಿನಾ ಬೆಳಿಗ್ಗೆ, ಹೆಂಡತಿ ಲೊರೇನ್ ಅವನ ಕಾಲಿಗೆ ಸಾಕ್ಸ್ ತೊಡಿಸುವ ಹೊತ್ತಿಗೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಹರಟೆಯ ಕಾರ್ಯಕ್ರಮಕ್ಕೆ ಫೋನ್ ಮಾಡುತ್ತಿದ್ದ. ಅವನ ಸೊಂಟ ಬಗ್ಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಲೈನ್ ಯಾವಾಗಲೂ ಬಿಝಿ. ಫೋನಿಗೆ ನಾಲ್ಕು ಬೈದು ಕೆಲಸಕ್ಕೆ ಹೊರಡುತ್ತಿದ್ದ. ಈರೀ ಸರೋವರದ ದಂಡೆಯ ಆ ಪುಟ್ಟ ಊರಿನ ಅರ್ಧ ಜನರ ಸಿಟ್ಟು ಹೀಗೆ ಫೋನಿನ ಕುಂಯ್ ಕುಂಯ್ ಸದ್ದಿನಲ್ಲೇ ಕರಗುತ್ತಿದ್ದುದರಿಂದ ಊರು ನೆಮ್ಮದಿಯಾಗಿತ್ತು.

ಕತೆಯ ರಾಕ್ಷಸ ತನ್ನ ಪ್ರಾಣವನ್ನು ಗಿಳಿಯ ಹೊಟ್ಟೆಯಲ್ಲಿ ಬಚ್ಚಿಟ್ಟು ಓಡಾಡುವ ಹಾಗೆ, ನಾರ್ಬರ್ಟ್ ತನ್ನ ಪ್ರಾಣವನ್ನು ತಂಡದ ರಕ್ಷಣಾ ಸಾಲಿನಲ್ಲಿ ಇಟ್ಟಿದ್ದ. ಆ ಸಾಲಿನ ಬಲ ಮೂಲೆಯಲ್ಲಿ ನಿಲ್ಲುತ್ತಿದ್ದವನು ಜಾರ್ವಿಸ್ ಟಾಲಿವರ್. ಎದುರಾಳಿಗೆ ಬರುವ ಚೆಂಡನ್ನು ತಡೆಯುವುದು, ತಡೆಯಲಾಗದಿದ್ದರೆ ಚೆಂಡು ಹಿಡಿದವನನ್ನು ಕೆಡವುವುದು, ಇಷ್ಟೇ ಅವನ ಕೆಲಸ. ಈ ವರ್ಷ ಎರಡೂ ಆಗಿರಲಿಲ್ಲ. ಜನವರಿಯ ಕೊನೇ ಪಂದ್ಯದಲ್ಲಂತೂ ಚೆಂಡು ತಲೆಯ ಮೇಲೆ ಹಾದುಹೋಗುವಾಗ, ಬಸ್ಸು ಯಾವ ಕಡೆಯಿಂದ ಬರುತ್ತದೆಂದು ಗೊತ್ತಿಲ್ಲದವನ ಹಾಗೆ ಅವನು ಇನ್ನೆಲ್ಲೋ ನೋಡುತ್ತಿದ್ದ. ತಂಡ ಸೋತು ಮನೆಗೆ ಬಂತು. ಈಗ ಅವನ ಒಪ್ಪಂದ ಮುಗಿದಿತ್ತು. ಉಳಿಸಿಕೊಳ್ಳುತ್ತಾರೋ ಬಿಡುತ್ತಾರೋ, ಆ ಸಂಜೆಯೊಳಗೆ ಗೊತ್ತಾಗಲಿತ್ತು.

“ಹೇಳಿ ಸ್ವಾಮಿ, ನೀವು ನೇರ ಪ್ರಸಾರದಲ್ಲಿದೀರಿ,” ಎಂದಿತು ಫೋನು.

ನಾರ್ಬರ್ಟ್ ಬಾಯಲ್ಲಿದ್ದ ಬ್ರೆಡ್ಡನ್ನು ಹಾಗೇ ನುಂಗಿದ. “ಟಾಲಿವರ್‌ನ ಉಳಿಸ್ಕೋತಾರಂತೆ ಅಂತ ಸುದ್ದಿ. ಯಾಕ್ರೀ? ಏನು ಕಂಡು? ಆ ಜಾಗದಲ್ಲಿ ಒಂದು ಬೇಲಿಗೂಟ ನೆಟ್ಟಿದ್ರೂ ಚೆಂಡು ಅದಕ್ಕೆ ಬಡಿದು ನಿಲ್ತಿತ್ತು. ಗೂಟಕ್ಕೆ ಸಂಬಳಾನೂ ಇಲ್ಲ.”

“ಆದ್ರೂ ಉಳಿಸ್ಕೊಂಡ್ರೆ ಏನು ಮಾಡ್ತೀರಿ?”

ಯಾರೂ ಕೇಳಬಾರದಿದ್ದ ಪ್ರಶ್ನೆ. ಪಂದ್ಯದ ದಿನ ಕ್ರೀಡಾಂಗಣದ ಹೊರಗೆ ಎಳೇ ಹುಡುಗರು ವ್ಯಾನಿನ ಮೇಲಿಂದ ಮಡಚುಮೇಜಿನ ಮೇಲೆ ಹಾರಿ ಅದನ್ನು ಎರಡು ಹೋಳು ಮಾಡುವುದನ್ನು ಕಂಡು “ಕತ್ತೆಗಳು” ಎನ್ನುತ್ತಿದ್ದವನು ನಾರ್ಬರ್ಟ್. ಸಿಟ್ಟು ಮನುಷ್ಯನ ಬಾಯಲ್ಲಿ ಏನೇನು ಆಡಿಸುತ್ತದೋ.

“ಮೇಜಿನ ಮೇಲೆ ಹಾರ್ತೀನಿ. ಇವತ್ತೇ ಸಂಜೆ. ನಮ್ಮ ಸೇಂಟ್ ಕ್ಯಾಸಿಮಿರ್ ಇಗರ್ಜಿ ಹಾಲ್‌ನಲ್ಲಿ, ಮೀನಿನೂಟಕ್ಕೆ ಬಂದಿರೋ ಎಲ್ಲರ ಮುಂದೆ.”

ಲೊರೇನ್ ಕೈಯಲ್ಲಿದ್ದ ಇನ್ನೊಂದು ಸಾಕ್ಸ್ ಕೆಳಗಿಟ್ಟಳು. “ಯಾರ ಸೊಂಟ ತಗೊಂಡು ಹಾರ್ತೀಯ? ನನ್ನದಂತೂ ಕೊಡಲ್ಲ. ಈ ಕಾಲಿಂದು ನೀನೇ ಹಾಕ್ಕೋ.”

ಹೀಗಾಗಿ ನಾರ್ಬರ್ಟ್ ಒಂದೇ ಸಾಕ್ಸ್‌ನಲ್ಲಿ ಅಂಚೆಚೀಲ ಹೊತ್ತು ಹೊರಟ.

ಊರು ರೇಡಿಯೋ ಕೇಳಿತ್ತು. ಮೊದಲ ಬೀದಿಯ ಕ್ಷೌರದಂಗಡಿಯ ಸ್ಟಾಶ್ ಬಾಗಿಲಲ್ಲೇ ಕಾಯುತ್ತಿದ್ದ, ಕತ್ತರಿ ಕೈಯಲ್ಲಿ. ಒಳಗೆ ಗಿರಾಕಿಯ ಅರ್ಧ ತಲೆ ಬಾಕಿ ಇತ್ತು.

“ನಾರ್ಬ್, ಈಗಷ್ಟೇ ತಂಡದ ಆಫೀಸಿಗೆ ಫೋನ್ ಮಾಡಿದೆ ಮಾರಾಯ. ಟಾಲಿವರ್ ಬೇಕೇ ಬೇಕು, ಅವನಿಲ್ದೆ ನಮ್ಮ ಊರೇ ಇಲ್ಲ ಅಂತ ಹೇಳಿದೆ.”

“ಜನವರಿಯಲ್ಲಿ ಅವನ ಹೆಸರಿನ ಜರ್ಸಿನ ನಿನ್ನ ನಾಯಿಗೆ ಹಾಸಿದೆಯಲ್ಲೋ.”

“ನಾಯಿಗೆ ತುಂಬಾ ಇಷ್ಟ ಅವನು.”

ಮುಂದಿನ ಮನೆಯ ಮುದುಕಿ ಹೆಲೆನ್, ಆ ಪಂದ್ಯದ ದಿನ ಟೀವಿಗೆ ಚಪ್ಪಲಿ ಎಸೆದವಳು, ಕಾಗದ ತೆಗೆದುಕೊಳ್ಳುತ್ತ ಕಣ್ಣೊರೆಸಿಕೊಂಡಳು. “ಪಾಪ, ಆ ಮಗೂಗೆ ಇನ್ನೊಂದು ಅವಕಾಶ ಕೊಡ್ಬೇಕಪ್ಪಾ. ಎಳೇ ವಯಸ್ಸು. ಎಷ್ಟು ಗಂಟೆಗೆ ಹಾರ್ತೀಯ? ಮುಂದಿನ ಕುರ್ಚಿ ಹಿಡೀಬೇಕು, ನಂಗೆ ದೂರದ್ದು ಕಾಣ್ಸಲ್ಲ.”

ಬೀದಿಯುದ್ದಕ್ಕೂ ಇದೇ ಆಯಿತು. ನಿನ್ನೆಯವರೆಗೆ ಟಾಲಿವರ್ ಹೆಸರೆತ್ತಿದರೆ ಉಗುಳುತ್ತಿದ್ದವರೆಲ್ಲ ಇವತ್ತು ಅವನ ಪರ ಹರಕೆ ಹೊತ್ತಿದ್ದರು. ನಾರ್ಬರ್ಟನ ಹೊಟ್ಟೆ ಉರಿಯಿತು. ತನ್ನ ಸೊಂಟ ಮುರಿಯುತ್ತದೆಂಬುದಕ್ಕಲ್ಲ, ಒಂದು ಮೋಜಿಗಾಗಿ ಇಡೀ ಊರು ರಕ್ಷಣಾ ಸಾಲನ್ನೇ ಮಾರಿಕೊಳ್ಳಲು ತಯಾರಾಗಿತ್ತಲ್ಲ ಎಂದು. ಸೊಂಟದ ಚಿಂತೆಯೂ ಇತ್ತು, ಇಲ್ಲವೆನ್ನುವಂತಿಲ್ಲ.

ಅವನ ಪಾಳಿಯ ಕೊನೇ ಬೀದಿಯ ಬಾಡಿಗೆ ಮನೆಯಲ್ಲಿ ಇದ್ದವನು ಟಾಲಿವರ್ರೇ. ಅವನ ಪೆಟ್ಟಿಗೆಗೆ ಕಾಗದ ಹಾಕಿ ಸದ್ದಿಲ್ಲದೆ ಜಾರಿಕೊಳ್ಳೋಣ ಎಂದು ನಾರ್ಬರ್ಟ್ ಬೆಕ್ಕಿನ ಹೆಜ್ಜೆ ಇಡುತ್ತಿದ್ದ. ಅಷ್ಟರಲ್ಲಿ ಟ್ರಕ್ಕಿನ ಹಿಂದಿನಿಂದ ಕಪಾಟಿನಂಥ ಒಬ್ಬ ಹುಡುಗ ಎದ್ದುನಿಂತ.

“ನಮಸ್ಕಾರ ಸರ್. ಬೆಳಿಗ್ಗೆ ನಿಮ್ಮ ದನಿ ಕೇಳಿದೆ.”

ನಾರ್ಬರ್ಟನ ಕೈಯಿಂದ ಕಾಗದಗಳು ಕೆಳಗೆ ಬಿದ್ದವು. ಬಗ್ಗಲು ಬಾರದೆ ಅವುಗಳನ್ನೇ ನೋಡುತ್ತ ನಿಂತ. ಟಾಲಿವರ್ ತಾನೇ ಆರಿಸಿ ಚೀಲಕ್ಕೆ ಹಾಕಿದ.

“ಬೇಲಿಗೂಟ ಅಂದ್ರಲ್ಲ, ಚೆನ್ನಾಗಿತ್ತು ಸರ್. ನಮ್ಮಮ್ಮನೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ಲು.”

ಹೀಗೆ ಮಾತಾಡುವವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ? ನಾರ್ಬರ್ಟ್ ದೃಷ್ಟಿ ತಪ್ಪಿಸಿದ. ದೃಷ್ಟಿ ಹೋಗಿ ಟ್ರಕ್ಕಿನಲ್ಲಿದ್ದ ದೊಡ್ಡ ಕೆಂಪು ವಸ್ತುವಿನ ಮೇಲೆ ನಿಂತಿತು. ದಾರಿಯ ಹಿಮ ಎತ್ತಿ ಬದಿಗೆ ತೂರುವ ಯಂತ್ರ. ಹೊಚ್ಚ ಹೊಸದು.

“ಇದು... ಈಗ ತಂದ್ರಾ?”

“ಹೂಂ ಸರ್. ಇಲ್ಲಿ ಹಿಮ ಜೋರಲ್ವಾ. ಅಂದಹಾಗೆ, ಇಗರ್ಜಿ ಹಾಲ್‌ನಲ್ಲಿ ಊಟ ಎಷ್ಟು ಹೊತ್ತಿಗೆ ಶುರು?”

ನಾರ್ಬರ್ಟನ ಕಾಲು ತಣ್ಣಗಾಯಿತು, ಸಾಕ್ಸ್ ಇದ್ದದ್ದೂ ಇಲ್ಲದ್ದೂ. ಮಾರ್ಚ್ ತಿಂಗಳಲ್ಲಿ ಹಿಮದ ಯಂತ್ರ ಕೊಳ್ಳುವವನು ಮುಂದಿನ ಚಳಿಗಾಲಕ್ಕೂ ಇಲ್ಲೇ ಇರುವವನು. ಊರು ಬಿಡುವವನು ಇಂಥದ್ದನ್ನು ಕೊಳ್ಳುತ್ತಾನೆಯೇ? ಒಪ್ಪಂದ ಆಗಿಹೋಗಿದೆ. ಹೇಳುವುದಷ್ಟೇ ಬಾಕಿ.

ಅಲ್ಲಿಂದ ಹಾಲ್‌ವರೆಗೆ ನಡೆಯುವಷ್ಟರಲ್ಲಿ ನಾರ್ಬರ್ಟನ ತಲೆಯಲ್ಲಿ ಒಂದು ಉಪಾಯ ಹುಟ್ಟಿ, ಬೆಳೆದು, ಮೀಸೆಯನ್ನೂ ಬಿಟ್ಟಿತು.

ತಪಸ್ಸುಕಾಲದ ಶುಕ್ರವಾರ, ಮಾಂಸ ಬಿಟ್ಟು ಮೀನು ತಿನ್ನುವ ದಿನ. ಹಾಲ್ ತುಂಬ ಕರಿದ ಮೀನಿನ ಘಮ, ಎಲೆಕೋಸಿನ ಪಚಡಿಯ ಬೋಗುಣಿಗಳು, ಎಂದೂ ಇಲ್ಲದಷ್ಟು ಜನ. ಅಡಿಗೆಮನೆಯನ್ನೂ ಮೇಜುಗಳನ್ನೂ ಆಳುತ್ತಿದ್ದ ಬರ್ನಿಸ್ ಅಜ್ಜಿ ನಟ್ಟನಡುವೆ ಒಂದು ಹಳೇ ಮಡಚುಮೇಜು ಹಾಕಿಸಿದ್ದಳು.

“ಇದರ ಕಾಲು ಹೇಗೂ ಲಡಾಸು,” ಎಂದಳು. “ಒಳ್ಳೇ ಮೇಜು ನಿನಗೆ ಕೊಡಲ್ಲ.”

ನಾರ್ಬರ್ಟ್ ಕುರ್ಚಿ ಹತ್ತಿ ಕೈಯೆತ್ತಿದ. “ಬಂಧುಗಳೇ, ದಿನವಿಡೀ ನಡೀತಾ ಯೋಚನೆ ಮಾಡಿದೆ. ತಪ್ಪು ಟಾಲಿವರ್‌ದಲ್ಲ, ತರಬೇತುದಾರಂದು. ಅಂಥ ವಿನಯವಂತ ಹುಡುಗ ಹುಡುಕಿದ್ರೂ ಸಿಗಲ್ಲ. ಅವನ್ನ ಉಳಿಸ್ಕೊಳ್ಳಲೇಬೇಕು. ಬಿಟ್ರೆ, ನೋಡ್ತಿರಿ, ಬಿಟ್ರೆ ಈ ಮೇಜಿನ ಮೇಲೆ ಹಾರ್ತೀನಿ.”

“ಉಳಿಸ್ಕೊಂಡ್ರೆ ಹಾರ್ತೀನಿ ಅಂದಿದ್ದೆ,” ಎಂದ ಸ್ಟಾಶ್.

“ಅದು ಬೆಳಗಿನ ಮಾತು. ತಿಳಿವಳಿಕೆ ಇಲ್ಲದವನ ಮಾತು.”

“ಇದು ಮೋಸ. ನಾನು ದುಡ್ಡು ಖರ್ಚು ಮಾಡಿ ಫೋನ್ ಮಾಡಿದೀನಿ.”

ಎಲ್ಲರೂ ಬರ್ನಿಸ್ ಅಜ್ಜಿಯ ಮುಖ ನೋಡಿದರು. ಆ ಹಾಲ್‌ನಲ್ಲಿ ಪಾದ್ರಿಯ ಮಾತಿಗಿಂತ ಅವಳ ಸೌಟಿನ ಮಾತು ದೊಡ್ಡದು. ಅಜ್ಜಿ ಸೌಟನ್ನು ಒಮ್ಮೆ ನಾರ್ಬರ್ಟನತ್ತ, ಒಮ್ಮೆ ಮೇಜಿನತ್ತ ತೋರಿಸಿದಳು.

“ಬೆಳಗಿಂದು ರದ್ದು. ಈಗಿಂದು ಖಾಯಂ. ಇನ್ನೊಂದ್ಸಲ ತಿರುಗಿಸಿದ್ಯೋ, ಈ ಹಾಲ್‌ನಲ್ಲಿ ನಿಂಗೆ ಮೀನಿಲ್ಲ.”

ಸ್ಟಾಶ್ ಫೋನ್ ಹಿಡಿದು ಮೂಲೆಗೆ ಓಡಿದ. “ಹಲೋ, ತಂಡದ ಆಫೀಸಾ? ಬೆಳಿಗ್ಗೆ ಮಾಡಿದ್ದೆನಲ್ಲ, ನಾನೇ. ಆ ಟಾಲಿವರ್‌ನ ದಯವಿಟ್ಟು ಕಳಿಸ್ಬಿಡಿ. ಹೌದು, ಅವನೇ. ನಾಯಿಗೂ ಆಗಲ್ಲ ಅವನು.”

ನಾರ್ಬರ್ಟ್ ಲೊರೇನ್ ಪಕ್ಕದಲ್ಲಿ ಕೂತು, ಮೀನಿನ ತುಂಡಿಗೆ ನಿಂಬೆ ಹಿಂಡಿ, ನಾಲಿಗೆ ಚಪ್ಪರಿಸಿದ. “ನಾನೇನು ದಡ್ಡನಾ,” ಎಂದು ಪಿಸುಗುಟ್ಟಿದ. ಲೊರೇನ್ ಉತ್ತರಿಸಲಿಲ್ಲ. ಮದುವೆಯಾದ ಮೇಲೆ ಅವಳು ಉತ್ತರಿಸದೆ ಬಿಟ್ಟ ಪ್ರಶ್ನೆ ಅದೊಂದೇ.

ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಗೋಡೆಯ ಟೀವಿಯಲ್ಲಿ ಸುದ್ದಿ ಬಂತು. ತಂಡ ಜಾರ್ವಿಸ್ ಟಾಲಿವರ್‌ನನ್ನು ಉಳಿಸಿಕೊಳ್ಳುತ್ತಿಲ್ಲ.

ಬೆಂಚುಗಳು ಸರಿದು ಜಾಗವಾಯಿತು. ಮುದುಕಿ ಹೆಲೆನ್ ಕುರ್ಚಿಯನ್ನು ಇನ್ನೂ ಮುಂದೆ ಎಳೆದುಕೊಂಡಳು.

“ಮತ್ತೆ ಹಿಮದ ಯಂತ್ರ?” ಎಂದ ನಾರ್ಬರ್ಟ್, ಯಾರನ್ನೂ ಉದ್ದೇಶಿಸದೆ.

ಉತ್ತರ ಬಾಗಿಲು ತೆರೆದುಕೊಂಡು ಒಳಗೆ ಬಂತು. ಟಾಲಿವರ್ ಅದೇ ಕೆಂಪು ಯಂತ್ರವನ್ನು ತಳ್ಳಿಕೊಂಡು ಬರುತ್ತಿದ್ದ; ಅದರ ಕೊರಳಿಗೆ ರಿಬ್ಬನ್ ಕಟ್ಟಿತ್ತು. “ಬೆಳಿಗ್ಗೆನೇ ಹೇಳಿದ್ರು, ಹೋಗು ಅಂತ,” ಎಂದ ಬರ್ನಿಸ್ ಅಜ್ಜಿಗೆ. “ಚಳಿಗಾಲವೆಲ್ಲ ನನಗೆ ಪಿಯೆರೋಗಿ ಕಡುಬು ಕಳಿಸಿದ್ರಿ ಅಜ್ಜಿ. ಈ ಹಾಲ್ ಮುಂದಿನ ಹಿಮ ನೀವು ಸಲಿಕೆಯಲ್ಲಿ ಎತ್ತೋದು ನೋಡಿ ಸಂಕಟ ಆಗ್ತಿತ್ತು. ಹೋಗೋಕೆ ಮುಂಚೆ ಇದು ನಿಮಗೆ.”

ಅಜ್ಜಿ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲಿ ಮೂಗೊರೆಸಿಕೊಂಡಳು. ಬೇರೆ ಯಾರೂ ಯಂತ್ರ ನೋಡಲಿಲ್ಲ. ಎಲ್ಲರ ಕಣ್ಣೂ ನಾರ್ಬರ್ಟನ ಮೇಲೆ.

ಅವನು ಕುರ್ಚಿ ಹತ್ತಿದ. ಲೊರೇನ್ ಅವನ ಕನ್ನಡಕ ತೆಗೆದಿಟ್ಟುಕೊಂಡಳು, ಒಂದಾದರೂ ಉಳಿಯಲಿ ಎಂದು. ನಾರ್ಬರ್ಟ್ ಕಣ್ಣು ಮುಚ್ಚಿ, ತಂಡದ ಹೆಸರು ಹೇಳಿ, ಹಾರಿಬಿಟ್ಟ.

ಪ್ರತಿಜ್ಞೆ ತಿರುಗಿಬಿದ್ದದ್ದು ಟಾಲಿವರ್‌ಗೆ ಗೊತ್ತೇ ಇರಲಿಲ್ಲ. ಅವನು ತಿರುಗಿ ನೋಡಿದಾಗ ಕಂಡದ್ದು ಗಾಳಿಯಲ್ಲಿ ಬರುತ್ತಿದ್ದ ಅಂಚೆಯ ಮುದುಕ. ಆಮೇಲೆ ಆದದ್ದನ್ನು ಆ ಊರು ಈಗಲೂ ಹೇಳುತ್ತದೆ: ಹಾಲ್‌ನ ಆ ತುದಿಯಿಂದ ಅವನು ಹೊರಟದ್ದು, ಬೆಂಚುಗಳ ನಡುವೆ ಒಂದು ತಟ್ಟೆಯೂ ಅಲುಗದಂತೆ ನುಗ್ಗಿದ್ದು, ನಾರ್ಬರ್ಟ್ ಮೇಜು ಮುಟ್ಟುವ ಮುಂಚೆ ಗಾಳಿಯಲ್ಲೇ ತಬ್ಬಿ ಹಿಡಿದು, ಮೈ ತಿರುಗಿಸಿ ತಾನು ಕೆಳಗಾಗಿ, ಮುದುಕನನ್ನು ಎದೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ನೆಲಕ್ಕೆ ಬಂದದ್ದು.



“ಇಂಥವನ್ನ ಬಿಟ್ಬಿಟ್ರಲ್ಲ,” ಎಂದ ಸ್ಟಾಶ್.

“ಬಿಡೋ ಹಾಗೆ ಮಾಡಿದ್ದು ಯಾರು?” ಎಂದಳು ಹೆಲೆನ್. “ಬೆಳಿಗ್ಗೆ ರೇಡಿಯೋದಲ್ಲಿ ಬೇಲಿಗೂಟ ಅಂದವರು ಯಾರು?”

ಇಡೀ ಹಾಲ್ ನಾರ್ಬರ್ಟನನ್ನು ದುರುಗುಟ್ಟಿ ನೋಡಿತು. ಅವನಿಗೆ ಯಾರ ಪರಿವೆಯೂ ಇರಲಿಲ್ಲ. ಟಾಲಿವರ್‌ನ ಎದೆಯ ಮೇಲೆ ಮಲಗಿದಲ್ಲಿಂದಲೇ ಅವನ ಕೊರಳಪಟ್ಟಿ ಹಿಡಿದುಕೊಂಡು ಕೇಳಿದ: “ಇದೆಲ್ಲ ಜನವರಿಯಲ್ಲಿ ಎಲ್ಲಿ ಹೋಗಿತ್ತಯ್ಯಾ?”

“ಚೆಂಡು ನಿಮ್ಮಷ್ಟು ನಿಧಾನಕ್ಕೆ ಬರಲ್ಲ ಸರ್.”

ಬರ್ನಿಸ್ ಅಜ್ಜಿ ಮೇಜಿನ ಸುತ್ತ ಒಂದು ಸುತ್ತು ಬಂದು, ಸೌಟಿನಿಂದ ಅದನ್ನು ಕುಟ್ಟಿ ನೋಡಿದಳು. “ಮೇಜು ಮುಟ್ಟಲೇ ಇಲ್ಲ. ಇದು ಲೆಕ್ಕಕ್ಕಿಲ್ಲ. ಮುಂದಿನ ಶುಕ್ರವಾರ ಮತ್ತೆ ಹಾರ್ಬೇಕು.”

“ಮುಂದಿನ ಶುಕ್ರವಾರ ಹಿಡಿಯೋಕೆ ಈ ಹುಡುಗ ಇರಲ್ಲ,” ಎಂದಳು ಲೊರೇನ್, ಕನ್ನಡಕವನ್ನು ಗಂಡನ ಮೂಗಿಗೆ ಏರಿಸುತ್ತ.

ನಾರ್ಬರ್ಟ್ ಅದನ್ನು ಒಂದು ಕ್ಷಣ ಯೋಚಿಸಿದ. ಅವನ ಮುಖ ಕೆಂಪಾಯಿತು. ಏಳುವ ಮೊದಲೇ ಜೇಬಿನಿಂದ ಫೋನ್ ತೆಗೆದು, ಇಂಥ ಆಟಗಾರನನ್ನು ಕೈಬಿಟ್ಟ ಮೂರ್ಖರಿಗೆ ಬುದ್ಧಿ ಹೇಳಲು ರೇಡಿಯೋಗೆ ಹಚ್ಚಿದ.

ಲೈನ್ ಬಿಝಿ ಇತ್ತು.