ಹನ್ನೊಂದು ಮನೆ, ಹನ್ನೊಂದು ಲೋಟ

ಮಾಸ್ತಪ್ಪನ ಆ ದಿನದ ಪಾಡೆಲ್ಲ ಶುರುವಾದದ್ದು ಒಂದು ಲೋಟ ಚಹಾದಿಂದ.

ಮಗಳು ಆಶಾಳ ಮದುವೆಗೆ ಇನ್ನು ಮೂರೇ ದಿನ. ಹೆಂಡತಿ ವೆಂಕಮ್ಮ ಮಗಳನ್ನು ಕರೆದುಕೊಂಡು, ಹೊಲಿಯಲು ಕೊಟ್ಟ ರವಿಕೆ ತರಲು ಬೆಳಗಿನ ಬಸ್ಸಿಗೇ ತೀರ್ಥಹಳ್ಳಿಗೆ ಹೋಗಿದ್ದಳು. ಊರಿನಲ್ಲಿ ಕರೆಯದೆ ಉಳಿದ ಹನ್ನೊಂದು ಮನೆ ಮಾಸ್ತಪ್ಪನ ಪಾಲಿಗೆ ಬಿದ್ದಿತ್ತು. ಆ ಊರಿನಲ್ಲಿ ಮದುವೆಗೆ ಕರೆಯುವುದೆಂದರೆ ಬರೀ ಕಾಗದ ಕೊಟ್ಟು ಬರುವುದಲ್ಲ. ಜಗಲಿಯಲ್ಲಿ ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು. ಲೋಟದ ತಳ ಕಾಣುವ ಮೊದಲು ಎದ್ದರೆ ಕರೆದ ಹಾಗೇ ಅಲ್ಲ. ಆ ಮನೆಯವರು ಮದುವೆಗೂ ಬರುವುದಿಲ್ಲ, ಹತ್ತು ವರ್ಷ ಅದನ್ನು ಮರೆಯುವುದೂ ಇಲ್ಲ.

ಮಾಸ್ತಪ್ಪನಿಗೆ ಅರವತ್ತೆರಡು. ಒಂದು ವರ್ಷದಿಂದ ಅವನ ಮೂತ್ರದ ಚೀಲ ಹಗ್ಗಕ್ಕೆ ಕಟ್ಟಿದ ಕರುವಿನ ಹಾಗಾಗಿತ್ತು, ಯಾವ ಹೊತ್ತಿಗೆ ಎಳೆಯುತ್ತದೋ ಹೇಳುವಂತಿಲ್ಲ. ರಾತ್ರಿಯಂತೂ ಐದು ಸಲ ಏಳಲೇಬೇಕು. ಹೋದ ವಾರ ಗುಟ್ಟಾಗಿ ಸಾಗರಕ್ಕೆ ಹೋಗಿ ಡಾಕ್ಟರ್ ಸುಚಿತ್ರಾ ಅವರಿಗೆ ತೋರಿಸಿದ್ದ. ಅವರು ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಹೆದರೋದೇನಿಲ್ಲ. ಚೀಲ ತುಂಬೋ ಮೊದ್ಲೇ ಗಡಿಬಿಡಿ ಮಾಡ್ತಿದೆ ಅಷ್ಟೆ. ಟೀ, ಕಾಫಿ ಕಮ್ಮಿ ಮಾಡಿ. ಸಂಜೆ ಮೇಲೆ ಮಿತವಾಗಿ ಕುಡೀರಿ. ಬಂತು ಅಂದ ಕೂಡ್ಲೇ ಓಡ್ಬೇಡಿ, ಬಿಗಿಹಿಡಿದು ಸ್ವಲ್ಪ ಹೊತ್ತು ತಡೀರಿ. ಅದೂ ಕಲೀಬೇಕಲ್ಲ" ಎಂದಿದ್ದರು.

ಇದು ವೆಂಕಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ತುಮರಿಯ ಬೀಗರ ಕಿವಿಗಂತೂ ಬೀಳಲೇಬಾರದು. ಧಾರೆ ಎರೆಯುವ ಅಪ್ಪ ಮಂಟಪದಿಂದ ಎದ್ದೆದ್ದು ಓಡುವವನು ಎಂದು ಅವರು ನಗಾಡಿದರೆ ಮಗಳು ಮುಖ ಎಲ್ಲಿಟ್ಟುಕೊಳ್ಳಬೇಕು?

ಮೊದಲನೆಯದು ಗಾರೆ ಕೆಲಸದ ಕೆರಿಯಪ್ಪನ ಮನೆ.

"ಚಾ ಬೇಡ ಮಾರಾಯ."

"ಎಂತಕ್ಕೆ ಬೇಡ? ತುಮರಿ ಬೀಗರು ಸಿಕ್ಕಿದ ಮೇಲೆ ನಮ್ಮನೆ ಚಾ ಸಪ್ಪೆ ಆಯ್ತಾ?"

ಕುಡಿದ. ಎರಡನೆಯ ಮನೆಯಲ್ಲಿ ಅನ್ನಪೂರ್ಣೇಶ್ವರಮ್ಮ, "ಈ ಬಿಸಿಲಲ್ಲಿ ಬಂದು ಆಸರಿಗೆ ಬೇಡ ಅಂದ್ರೆ ಆಗ್ತದಾ ಮಾಸ್ತಪ್ಪ?" ಎಂದು ಒಂದು ತಂಬಿಗೆ ಮಜ್ಜಿಗೆ ಮುಂದಿಟ್ಟರು. ಆ ತಂಬಿಗೆಗೆ ತಳವೇ ಇಲ್ಲವೇನೋ ಎಂದು ಮಾಸ್ತಪ್ಪನಿಗೆ ಅನುಮಾನ ಬಂತು.

ಹೊರಗೆ ಬಂದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಳಗಿನ ಕರು ಎಳೆಯಿತು. ಬೇರೆ ದಿನವಾಗಿದ್ದರೆ ಬೇಲಿ ಮರೆ ಸಾಕಿತ್ತು. ಇವತ್ತು ಕೈಯಲ್ಲಿ ದೇವರ ಮುಂದಿಟ್ಟು ತಂದ ಅಕ್ಷತೆ ಬಟ್ಟಲು. ನೆಲಕ್ಕೆ ಇಡುವ ಹಾಗಿಲ್ಲ, ಕೈಕಾಲು ತೊಳೆಯದೆ ಮುಟ್ಟುವ ಹಾಗೂ ಇಲ್ಲ. ಡಾಕ್ಟರ ಮಾತು ನೆನಪಾಯಿತು. ಗದ್ದೆಯ ಅಂಚಿನ ಮೇಲೆ ಕಾಲಿಗೆ ಕಾಲು ಹೆಣೆದು, ಕಣ್ಣು ಮುಚ್ಚಿ, ಬಿಗಿಹಿಡಿದು ಎಣಿಸತೊಡಗಿದ.

ಅವನ ಪಕ್ಕದ ಮನೆಯ ಶಾಂತಮ್ಮ ಸೊಪ್ಪಿನ ಹೊರೆ ಹೊತ್ತು ಬಂದವಳು ಅಲ್ಲೇ ನಿಂತಳು. "ಎಂತ ಮಾಸ್ತಣ್ಣ, ಮೈಮೇಲೆ ಬಂತಾ? ಯಾವ ದೇವ್ರು?"

"ಅರ್ವತ್ತೆಂಟು... ಮಾತಾಡಿಸ್ಬೇಡ ಮಾರಾಯ್ತಿ... ಅರ್ವತ್ತೊಂಬತ್ತು..."

"ಪಾಪ, ಊಟದ ಎಲೆ ಎಣಿಸ್ತಿದಾನೆ" ಎಂದುಕೊಂಡು ಅವಳು ಹೋದಳು.

ಎಪ್ಪತ್ತೆರಡಕ್ಕೆ ಎಣಿಕೆ ಕೈಕೊಟ್ಟಿತು. ಮಾಸ್ತಪ್ಪ ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು ಓಡಿದವನು ನಿಂತದ್ದು ಮಧುಸೂದನ ಮೇಷ್ಟ್ರ ಅಂಗಳದಲ್ಲಿ. ಬಟ್ಟಲನ್ನು ಮೇಷ್ಟ್ರ ಕೈಗೆ ತುರುಕಿ, "ಕಾಲಿಗೆ ಸಗಣಿ ಮೆತ್ತಿದೆ, ಬಚ್ಚಲು ಎಲ್ಲಿ?" ಎನ್ನುತ್ತ ಉತ್ತರಕ್ಕೂ ಕಾಯದೆ ಹಿಂದಕ್ಕೆ ಹೋದ. ಹಗುರಾಗಿ ಬಂದು ಕೂತರೆ ದೊಡ್ಡ ಲೋಟದಲ್ಲಿ ಕಾಫಿ. ನಾಲ್ಕನೆಯ ಮನೆಯಲ್ಲಿ ಕಣ್ಣಿಗೆ ಕಸ ಬಿತ್ತು, ಅಲ್ಲಿ ಎಳನೀರು. ಐದನೆಯ ಮನೆಯಲ್ಲಿ ಕೈಗೆ ಹಲಸಿನ ಮೇಣ ಅಂಟಿತು. ಅಲ್ಲಿ ಬೆಲ್ಲದ ಪಾನಕ. ಪ್ರತಿ ಮನೆಯಲ್ಲೂ ಇಳಿಸುವುದು, ಅಲ್ಲೇ ತುಂಬಿಕೊಳ್ಳುವುದು.

ಆರನೆಯ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಮನೆಯಾಕೆ ಬೇಲಿಯ ದಣಪೆಯ ಹತ್ತಿರವೇ ಕಾದಿದ್ದು ಬಟ್ಟಲು ಇಸಿದುಕೊಂಡಳು. "ಮೊದ್ಲು ಹಿಂದೆ ಹೋಗಿ ಬಾ ಮಾಸ್ತಣ್ಣ. ಆಮೇಲೆ ಕೂತ್ಕ."

ಏಳನೆಯ ಮನೆಯಲ್ಲಿ ಹೊಸ ಸೋಪು ಬಿಚ್ಚಿಟ್ಟಿದ್ದರು. ಎಂಟನೆಯದರಲ್ಲಿ ಮಡಿಕೆ ಬಿಚ್ಚದ ಟವೆಲ್. ಒಂಬತ್ತನೆಯ ಮನೆಯ ಯಜಮಾನ ಬೆನ್ನು ತಟ್ಟಿ, "ಸಂಕೋಚ ಮಾಡ್ಕಬೇಡ. ಎಲ್ರ ಮನೇಲೂ ಆಗೋದೇ" ಎಂದ.

ಮಾಸ್ತಪ್ಪ ಗಕ್ಕನೆ ತಿರುಗಿದ. "ಎಂತ ಆಗೋದು?"

"ಎಂತ ಇಲ್ಲ, ಎಂತ ಇಲ್ಲ. ಕಷಾಯ ಕುಡಿ."

ಗುಟ್ಟು ಹೊರಬಿತ್ತೇ? ಆದರೆ ಯಾರೂ ಕಾಯಿಲೆಯ ಮಾತೆತ್ತಲಿಲ್ಲ, ಔಷಧಿ ಹೇಳಲಿಲ್ಲ. ಆ ಊರಿನಲ್ಲಿ ಕಾಯಿಲೆ ಗೊತ್ತಾದ ಮೇಲೂ ಔಷಧಿ ಹೇಳದೆ ಬಿಡುವವರು ಹುಟ್ಟಿಯೇ ಇಲ್ಲ. ಹಾಗಾಗಿ ಮಾಸ್ತಪ್ಪ ಧೈರ್ಯ ತಂದುಕೊಂಡ. ಹನ್ನೊಂದನೆಯ ಮನೆಯ ಹಾಲನ್ನೂ ಮುಗಿಸಿ, ಇನ್ನು ಹೋಗುವುದು ನಮ್ಮನೆಗೇ ತಾನೇ ಎಂದು ಹಿಂದಕ್ಕೂ ಹೋಗದೆ, ಗೆದ್ದ ಕೋಳಿಯ ಹಾಗೆ ಹೊರಟ. ಅರ್ಧ ದಾರಿಯಲ್ಲಿ ಕರು ಎಳೆಯಿತು. ಓಡಿದ.

ಅವನ ಮನೆಯ ಹಿತ್ತಿಲಿನಲ್ಲಿ ಕೆರಿಯಪ್ಪ, ಶಾಂತಮ್ಮ, ಮೇಷ್ಟ್ರು ಮೂವರೂ ನಗುತ್ತ ನಿಂತಿದ್ದರು.

"ನಿಂತ್ಕ, ನಿಂತ್ಕ! ಕಾಲಿಟ್ಟೀಯ!" ಎಂದು ಕೆರಿಯಪ್ಪ ಕರಣೆ ಅಡ್ಡ ಹಿಡಿದ.

ಮಾಸ್ತಪ್ಪ ಇಣುಕಿದ. ಎರಡು ವರ್ಷದ ಹಿಂದಷ್ಟೇ ಕಟ್ಟಿಸಿದ ಕಕ್ಕಸಿನ ಬೇಸಿನ್ ಚೂರುಚೂರಾಗಿ ಹೊರಗೆ ಬಿದ್ದಿತ್ತು. ಒಳಗೆ ಹೊಸದು, ಸುತ್ತ ಹಸಿ ಸಿಮೆಂಟು.

"ನೀನು ನಮ್ಮನೇಲಿ ಹಂಗೆ ಓಡಿದಾಗ್ಲೇ ನಂಗೆ ಅನುಮಾನ ಬಂತು" ಎಂದರು ಮೇಷ್ಟ್ರು. "ಮುಂದಿನ ಮನೆಗಳಿಗೆ ಫೋನ್ ಮಾಡಿದ್ರೆ ಅಲ್ಲೂ ಅದೇ ಕತೆ. ಉಳಿದವ್ರಿಗೂ ಹೇಳಿಟ್ಟೆ."

"ಮನೆ ಕಕ್ಕಸು ಕಟ್ಕೊಂಡಿದೆ, ಮದುವೆ ಹೊತ್ತಲ್ಲಿ ಹೇಳಕ್ಕೆ ನಾಚಿಕೆ, ಅಲ್ವಾ?" ಶಾಂತಮ್ಮ ಗದರಿದಳು. "ನಾವಿರೋದು ಎಂತಕ್ಕೆ? ಕೀ ನನ್ ಹತ್ರಾನೇ ಇತ್ತಲ್ಲ."

"ಹಳೇದನ್ನ ಒಡೆಯಕ್ಕೆ ಬೆವರು ಕಿತ್ಕಂಡು ಬಂತು ಮಾರಾಯ, ಒಂದ್ ಬಿರುಕಿಲ್ಲ!" ಎಂದ ಕೆರಿಯಪ್ಪ. "ಬಚ್ಚಲ ನೆಲಾನೂ ಒಟ್ಟಿಗೇ ಮಾಡಿದೀನಿ. ಮೂರು ದಿನ ಯಾರೂ ಕಾಲಿಡಬಾರ್ದು."

ಚೆನ್ನಾಗಿಯೇ ಇತ್ತಲ್ಲೋ ಎನ್ನಲು ಮಾಸ್ತಪ್ಪ ಬಾಯಿ ತೆರೆದ. ಹಾಗಾದರೆ ಮನೆಮನೆಯಲ್ಲಿ ಓಡಿದ್ದೇಕೆ ಎಂದು ಕೇಳಿದರೆ? ಬಾಯಿ ಮುಚ್ಚಿ, ಮತ್ತೆ ತೆರೆದು, "ದೊಡ್ಡ ಉಪಕಾರ ಆಯ್ತು" ಎಂದ.

"ಅಲ್ಲಿವರೆಗೆ ನಮ್ಮನೇಲಿ ಮಲಗು. ಹಾಸಿಗೆ ಆಗ್ಲೇ ಸಾಗಿಸಿದೀನಿ" ಎಂದ ಕೆರಿಯಪ್ಪ. "ಬೀಗರ ಅಣ್ಣನೂ ಚಪ್ಪರ ನೋಡಕ್ಕೆ ಅಂತ ಮಧ್ಯಾಹ್ನ ತುಮರಿಯಿಂದ ಬಂದಾರೆ. ಅವ್ರೂ ಮದುವೆವರೆಗೆ ಅಲ್ಲೇ. ಚಿಕ್ಕ ಕೋಣೆ, ಗೋಡೆ ಕಡೆಗೆ ನೀನು, ಬಾಗಿಲ ಕಡೆಗೆ ಅವ್ರು. ಇರುವೆ ಹರಿದ್ರೂ ಎಚ್ಚರ ಆಗೋ ನಿದ್ರೆಯಂತೆ ಅವರ್ದು, ನಂಗೆ ಅದೇ ಯೋಚ್ನೆ."

"ಎಂತಕ್ಕೆ ಯೋಚ್ನೆ?" ಎಂದಳು ಶಾಂತಮ್ಮ. "ನಮ್ ಮಾಸ್ತಣ್ಣ ಬಿದ್ಕಂಡ್ರೆ ಬೆಳಗಾಗೋವರೆಗೂ ಮಗ್ಗುಲು ಸೈತ ಬದಲಾಯ್ಸಲ್ಲ ಅಂತ ವೆಂಕಮ್ಮ ನಿನ್ನೆ ತಾನೇ ಬೀಗರ ಹತ್ರ ಫೋನಲ್ಲಿ ಹೇಳ್ತಿದ್ಲು!"