ಮೆಟ್ಟಿಲಿನ ಅಡಿಯ ಜಾಗವನ್ನು ಉದ್ಧಾರ ಮಾಡಿದ್ದು

ಸರಕಾರಿ ವಸತಿ ಸಂಕೀರ್ಣಗಳಲ್ಲಿ ಮನುಷ್ಯರು ವಾಸಿಸುವ ಜಾಗ, ವಾಹನ ನಿಲ್ಲುವ ಜಾಗ ಮತ್ತು ನೀರು ಹರಿಯುವ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ‘ಉಳಿಕೆ ಸ್ಥಳ’ ಎಂದು ಕರಾವಳಿ ಜನವಸತಿ ಪ್ರಾಧಿಕಾರವು ಘೋಷಿಸಿದೆ. ಇಂಥ ಸ್ಥಳಗಳು ಯಾರ ಗಮನಕ್ಕೂ ಬಾರದೆ ಹಾಳು ಬಿದ್ದಿರುತ್ತವೆಂದೂ, ಅವುಗಳನ್ನು ಉತ್ತಮ ವಿನ್ಯಾಸದ ಮೂಲಕ ಉದ್ಧಾರ ಮಾಡಿ ಜನರಿಗೆ ಮರಳಿ ಒಪ್ಪಿಸತಕ್ಕದ್ದೆಂದೂ ಸುತ್ತೋಲೆಯಲ್ಲಿ ಉಂಟು. ಯಾರ ಗಮನಕ್ಕೂ ಬಾರದ ಸ್ಥಳ ಪ್ರಾಧಿಕಾರದ ಗಮನಕ್ಕೆ ಹೇಗೆ ಬಂತು ಎಂದು ಕೇಳುವವರಿದ್ದಾರೆ. ಅಂಥವರಿಗೆ ಬೇರೆ ಕೆಲಸ ಇಲ್ಲ.

ನಾನು ಭುಜಂಗ. ಉದ್ಯಾವರದಲ್ಲಿ ಹೆದ್ದಾರಿಯ ಬದಿಗಿರುವ ಪ್ರಾಧಿಕಾರದ ಸಂಕೀರ್ಣದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಮಸ್ಕತ್ತಿನಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಆದ್ದರಿಂದ ಯಾವ ವಸ್ತು ಎಲ್ಲಿರಬೇಕು ಎಂಬ ವಿಷಯದಲ್ಲಿ ನನಗೆ ಸ್ವಲ್ಪ ಬೇಗ ಸಿಟ್ಟು ಬರುತ್ತದೆ. ಈ ವರದಿಯಲ್ಲಿ ಬರುವ ಮಾತುಗಳು ಹೆಚ್ಚಿನವು ತುಳುವಿನಲ್ಲಿ ನಡೆದವು. ಕಡತದ ಮರ್ಯಾದೆಗಾಗಿ ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ಬಿ ಬ್ಲಾಕಿನ ಮೆಟ್ಟಿಲಿನ ಅಡಿಯಲ್ಲಿ ಒಂದು ಉಳಿಕೆ ಸ್ಥಳ ಉಂಟು. ಅಲ್ಲಿ ಬಿಸಿಲು ಬೀಳುವುದಿಲ್ಲ, ಗಾಳಿ ಹೊಡೆಯುವುದಿಲ್ಲ, ನೆಲ ಸದಾ ತಂಪು. ಈ ಕಾರಣದಿಂದ ಬೆಳಿಗ್ಗೆ ಮೂವರು ಹೆಂಗಸರು ಅಲ್ಲಿ ಚಾಪೆ ಹಾಸಿ ಮಲ್ಲಿಗೆ ಕಟ್ಟುತ್ತಿದ್ದರು. ತಾರಸಿಯ ಕುಂಡಗಳಲ್ಲಿ ಬೆಳೆದ ಮೊಗ್ಗನ್ನು ಬೆಳಕು ಹರಿಯುವಾಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಾಪು ಕಡೆಯಿಂದ ಏಜೆಂಟನ ರಿಕ್ಷಾ ಬರುವುದರೊಳಗೆ ಮಾಲೆ ಸುತ್ತಿ ಚೆಂಡು ಮಾಡಿಡಬೇಕು. ಮಲ್ಲಿಗೆ ಸೆಕೆ ತಡೆಯುವುದಿಲ್ಲ. ಸೆಕೆಯಾದರೆ ಕಟ್ಟುವ ಮೊದಲೇ ಮೊಗ್ಗು ಬಿರಿಯುತ್ತದೆ, ಬಿರಿದ ಹೂವನ್ನು ಏಜೆಂಟ್ ಮುಟ್ಟುವುದಿಲ್ಲ. ಮೂವರಲ್ಲಿ ಇಬ್ಬರು ಎರಡನೇ ಮಹಡಿಯ ಅತ್ತೆ ಸೊಸೆ. ಮೂರನೆಯವಳು, ಆದರೆ ಮುಖ್ಯವಾದವಳು, ಸ್ವರ್ಣಲತಾ. ಅವಳು ನನ್ನ ಹೆಂಡತಿ. ನಮ್ಮ ಮನೆ ನಡೆಯುವುದು ಆ ಮಲ್ಲಿಗೆಯಿಂದಲೇ, ಯಾಕೆಂದರೆ ಕಾರ್ಯದರ್ಶಿಯ ಹುದ್ದೆ ಗೌರವದ್ದು. ಆದರೂ ಈ ಪ್ರಕರಣದಲ್ಲಿ ನಾನು ಅವಳನ್ನು ಬೇರೆ ನಿವಾಸಿಗಳಿಗಿಂತ ಹೆಚ್ಚಾಗಿ ನೋಡಲಿಲ್ಲ. ಕೆಲವು ಸಲ ಕಡಿಮೆಯಾಗಿಯೂ ನೋಡಿದ್ದೇನೆ. ಪಕ್ಷಪಾತ ಎಂದು ನಾಳೆ ಯಾರೂ ಹೇಳಬಾರದಲ್ಲ.

ಸುತ್ತೋಲೆ ಬಂದ ಸ್ವಲ್ಪ ದಿನಕ್ಕೆ ಪ್ರಾಧಿಕಾರದ ಮಣಿಪಾಲ ಕಚೇರಿಯಿಂದ ಎಂಜಿನಿಯರ್ ಕೃಷ್ಣರಾಜರೂ ಆರ್ಕಿಟೆಕ್ಟ್ ರಿತೇಶನೂ ಬಂದರು. ಕೃಷ್ಣರಾಜರು ನಿವೃತ್ತಿಗೆ ಹತ್ತಿರದವರು, ಮೆತ್ತಗೆ ಮಾತಾಡುವ ಸಜ್ಜನರು. ರಿತೇಶ್ ಎಳೆಯ ಹುಡುಗ, ಒಳ್ಳೆ ಶೂ ಹಾಕಿದ್ದ. ಅವನು ಮೆಟ್ಟಿಲಿನ ಅಡಿಯನ್ನು ಅಳೆದ, ಬಗ್ಗಿ ನೋಡಿದ, ಕಣ್ಣು ಮುಚ್ಚಿ ನೋಡಿದ. ಫೋಟೋದಲ್ಲಿ ಅಡ್ಡ ಬರುತ್ತೀರಿ ಎಂದು ಹೆಂಗಸರನ್ನು ಏಳಿಸಿದ. ಮರುವಾರ ಒಂದು ಚಿತ್ರ ಬರೆದು ತಂದ. ನುಣುಪಾದ ನೆಲ, ಮೂಲೆಗೊಂದು ದೀಪ, ಗೋಡೆಗೆ ಒಂದು ಕಲ್ಲಿನ ಫಲಕ. ನೆಲದ ಮೇಲೆ ಮೂವರು ಹೆಂಗಸರು ಕುಳಿತು ಹೂ ಕಟ್ಟುತ್ತಿದ್ದಾರೆ. ಇದರ ಹೆಸರು ‘ಸಂವಾದ ತಾಣ’ ಎಂದ. ಇದು ನಾವೇ ಅಲ್ವಾ ಎಂದು ಸ್ವರ್ಣಲತಾ ಕೇಳಿದಳು. ಅಲ್ಲ, ಇವರು ಮಾದರಿ ಬಳಕೆದಾರರು ಎಂದು ರಿತೇಶ್ ತಿಳಿಸಿದ. ಫಲಕದ ಮೇಲೆ ಸಂಘದ ಕಾರ್ಯದರ್ಶಿಯ ಹೆಸರು ಕೆತ್ತಿಸುವುದಕ್ಕೆ ನಿಯಮದಲ್ಲಿ ಅವಕಾಶ ಉಂಟು ಎಂದು ಕೃಷ್ಣರಾಜರು ಹೇಳಿದ ಮೇಲೆ ನನಗೂ ಯೋಜನೆಯ ಮಹತ್ವ ಅರ್ಥವಾಯಿತು.

ತೊಡಕು ಇದ್ದದ್ದು ಫೋಟೋದಲ್ಲಿ. ಕಡತಕ್ಕೆ ಎರಡು ಫೋಟೋ ಬೇಕು: ಉದ್ಧಾರಕ್ಕೆ ಮುಂಚಿನದು ಒಂದು, ನಂತರದ್ದು ಒಂದು. ಮುಂಚಿನ ಫೋಟೋದಲ್ಲಿ ‘ಕಣ್ಣಿಗೆ ಹೊಡೆಯುವಂಥ ದುರವಸ್ಥೆ’ ಕಾಣಿಸತಕ್ಕದ್ದು. ನಮ್ಮ ಜಾಗವೋ, ದಿನಾ ಹೆಂಗಸರು ಗುಡಿಸಿ ಒರೆಸಿ ಕನ್ನಡಿಯ ಹಾಗೆ ಇಟ್ಟಿದ್ದಾರೆ. ಕೃಷ್ಣರಾಜರು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

“ಭುಜಂಗರೇ, ಜಾಗ ಹಾಳಾಗಿಲ್ಲ. ಹಾಳಾಗದ್ದನ್ನು ಉದ್ಧಾರ ಮಾಡಲಿಕ್ಕೆ ನಮಗೆ ಅಧಿಕಾರ ಇಲ್ಲ.”

ಕಾರ್ಕಳದ ಸಂಕೀರ್ಣದಲ್ಲಿ ಇಂಥದೇ ಮೆಟ್ಟಿಲಿನ ಅಡಿಯಲ್ಲಿ ತುಕ್ಕು ಹಿಡಿದ ಸ್ಕೂಟರೂ ಬೆಕ್ಕಿನ ಬಾಣಂತನವೂ ಇದ್ದವಂತೆ. ಮೇಲಿನವರು ಒಂದೇ ನೋಟಕ್ಕೆ ಮಂಜೂರು ಮಾಡಿದರಂತೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಕಾರ್ಕಳದವರಿಗೆ ಆಗುವುದು ಉದ್ಯಾವರದವರಿಗೆ ಆಗುವುದಿಲ್ಲವೆಂದರೆ ಎಂತ ಮರ್ಯಾದೆ?

ಕೂಡಲೇ ಸಂಘದ ತುರ್ತು ಸಭೆ ಕರೆದು, ಮೆಟ್ಟಿಲಿನ ಅಡಿಯಲ್ಲಿ ಹೂ ಕಟ್ಟುವುದನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲು ಠರಾವು ಮಾಡಿದೆವು. ಪ್ರತಿ ಮನೆಯವರೂ ಯಥಾಶಕ್ತಿ ಕಸ ತಂದು ಹಾಕಬೇಕೆಂದು ನೋಟೀಸು ಹಚ್ಚಿದೆ. ನಮ್ಮ ಜನರ ಬಗ್ಗೆ ನನಗೆ ಅಭಿಮಾನ ಉಂಟು, ಆದರೆ ಕಸದ ವಿಷಯದಲ್ಲಿ ಅವರಿಂದ ಏನೂ ಪ್ರಯೋಜನ ಇಲ್ಲ. ಒಬ್ಬರು ಪ್ಲಾಸ್ಟಿಕ್ ತೊಟ್ಟೆಗಳನ್ನು ತೊಳೆದು ಒಣಗಿಸಿ ಮಡಿಸಿ ತಂದರು. ಇನ್ನೊಬ್ಬರು ಹಳೆ ಪೇಪರುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಕಟ್ಟಿ ತಂದಿಟ್ಟು, ಸಂಜೆ ಗುಜರಿಯವನು ಬಂದ ಎಂದು ವಾಪಸು ಕೊಂಡುಹೋದರು. ಅತ್ತೆ ಸೊಸೆ ಒಂದು ಒಡೆದ ಮಡಕೆ ಕೊಟ್ಟರು, ಅದಕ್ಕೂ ಬೂದಿ ಹಾಕಿ ತಿಕ್ಕಿದ್ದರು.

ಕೊನೆಗೆ ಎರ್ಮಾಳಿನ ಗುಜರಿ ಅಣ್ಣುವಿಗೆ ಗುತ್ತಿಗೆ ಕೊಡಬೇಕಾಯಿತು. ಅಣ್ಣು ಮಾತಿಗೆ ತಪ್ಪುವವನಲ್ಲ. ಹರಿದ ಬಲೆ, ಒಂಟಿ ಚಪ್ಪಲಿಗಳು, ಹೊಟ್ಟೆ ಒಡೆದ ಹಾಸಿಗೆ, ಮುರಿದ ಕಮೋಡು ಎಲ್ಲ ಒಂದು ಟೆಂಪೋದಲ್ಲಿ ತಂದು ಸುರಿದ. “ಭುಜಂಗಣ್ಣ, ಇದಕ್ಕಿಂತ ಹಾಳು ಮಾಲು ಈ ಕರಾವಳಿಯಲ್ಲಿ ಸಿಗುವುದಿಲ್ಲ” ಎಂದು ಎದೆ ತಟ್ಟಿ ಹೇಳಿದ. ವಾಸನೆ ಮೂರನೇ ಮಹಡಿಗೂ ಬರುತ್ತಿತ್ತು. ಕೃಷ್ಣರಾಜರು ಮೂಗಿಗೆ ಕರವಸ್ತ್ರ ಹಿಡಿದು ಬಹಳ ಸಂತೋಷಪಟ್ಟರು. ಆದರೆ ಫೋಟೋ ತೆಗೆಯಲಿಲ್ಲ. ಮುಂಚಿನ ಫೋಟೋವನ್ನು ಮೇಲಿನ ಕಚೇರಿಯ ಪರಿಶೀಲನಾ ತಂಡದ ಎದುರಿನಲ್ಲೇ ತೆಗೆಯಬೇಕು, ಅಷ್ಟರವರೆಗೆ ಕಸವನ್ನು ಜೋಪಾನ ಮಾಡಿ ಎಂದರು. ನಾನು ಒಂದು ಬೋರ್ಡು ನೆಟ್ಟೆ: ‘ಈ ಕಸ ಪ್ರಾಧಿಕಾರದ ಸ್ವತ್ತು. ಗುಡಿಸುವವರ ಮೇಲೆ ಕ್ರಮ ಕೈಗೊಳ್ಳಲಾಗುವುದು.’

ಇಷ್ಟರಲ್ಲಿ ಸ್ವರ್ಣಲತಾ ನಮ್ಮ ಮನೆಯಲ್ಲೇ ಹೂ ಕಟ್ಟಲು ಕೂತಳು. ಮೂರನೇ ಮಹಡಿ, ತಾರಸಿಯ ಕೆಳಗೆ. ಬೆಳಿಗ್ಗೆಯೇ ಕಾದ ಹಂಚಿನ ಹಾಗೆ ಇರುತ್ತದೆ. ಫ್ಯಾನು ಹಾಕಿದರೆ ಮೊಗ್ಗು ಬಾಡುತ್ತದೆ, ಹಾಕದಿದ್ದರೆ ಬಿರಿಯುತ್ತದೆ. ಬಚ್ಚಲಲ್ಲಿ ಕೂತು ನೋಡಿದಳು, ಒದ್ದೆಯಾಗಿ ಕಪ್ಪಾಯಿತು. ಏಜೆಂಟ್ ದಿನಾ ಅರ್ಧಕ್ಕರ್ಧ ಚೆಂಡು ತಿರುಗಿಸಿ ಕೊಡುತ್ತಿದ್ದ. ಹೀಗೇ ಆದರೆ ಇನ್ನು ನಿಮ್ಮ ಬಾಗಿಲಿಗೆ ರಿಕ್ಷಾ ತರುವುದಿಲ್ಲ ಎಂದೂ ಹೇಳಿದ. ಬಿರಿದ ಮಲ್ಲಿಗೆಯನ್ನು ಅವಳು ದೇವರಿಗೆ ಮುಡಿಸಿದಳು, ಎರಡನೇ ಮಹಡಿಯ ಸೊಸೆಗೆ ಮುಡಿಸಿದಳು, ಮಿಕ್ಕಿದ್ದನ್ನು ನನ್ನ ಮೇಜಿನ ಮೇಲೆ, ಸಂಘದ ಕಡತಗಳ ಮೇಲೆ ಸುರಿದಳು.

“ಊರಿಗೆ ಉಪಕಾರಿ, ಮನೆಗೆ ಮಾರಿ. ನೀವು ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳಿ ಮಾರಾಯ್ರೆ. ನಾಳೆಯಿಂದ ಅದನ್ನೇ ಬೇಯಿಸಿ ಹಾಕುತ್ತೇನೆ” ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು? ಆದರೆ ಮನೆಯ ವಿಷಯವನ್ನು ಕಚೇರಿಗೆ ತರುವುದು ಸರಿಯಲ್ಲ. ಏನಿದ್ದರೂ ಲಿಖಿತವಾಗಿ ಕೊಡು ಎಂದೆ. ಕೊಟ್ಟಳು. ಸ್ವೀಕರಿಸಿ, ಮೊಹರು ಹಾಕಿ, ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಅವಳಿಗೇ ಒಂದು ಪ್ರತಿ ಕೊಟ್ಟೆ. ಆ ರಾತ್ರಿ ಗಂಜಿ ಮಾತ್ರ ಸಿಕ್ಕಿತು, ಉಪ್ಪಿನಕಾಯಿ ಇರಲಿಲ್ಲ.

ಪರಿಶೀಲನಾ ತಂಡ ಬರುವ ದಿನ ಗೊತ್ತಾಯಿತು. ತಂಡದ ಅಧ್ಯಕ್ಷೆ ಪ್ರಿಯಂವದಾ ಮೇಡಂ, ಪ್ರಾಧಿಕಾರದ ಮುಖ್ಯ ವಾಸ್ತುಶಿಲ್ಪಿ, ಬಹಳ ಕಟ್ಟುನಿಟ್ಟಿನವರು. ಅತಿಥಿಗಳಿಗೆ ಎಳನೀರಿನ ವ್ಯವಸ್ಥೆ ಆಗಬೇಕು, ದೊಡ್ಡವರು ಬರುತ್ತಾರೆ ಎಂದು ನಾನೇ ಮನೆ ಮನೆಗೆ ಹೋಗಿ ಹೇಳಿ ಬಂದೆ. ನಾನು ಲೆಕ್ಕಕ್ಕೆ ಹಿಡಿಯದೇ ಹೋದದ್ದು ಒಂದೇ. ನಮ್ಮ ಕಡೆಯ ಹೆಂಗಸರಿಗೆ, ಮನೆಗೆ ಜನ ಬರುತ್ತಾರೆ ಎಂದು ಒಮ್ಮೆ ಕಿವಿಗೆ ಬಿದ್ದರೆ, ಅವರ ಕೈಯಿಂದ ಗುಡಿಸುವ ಹಿಡಿಸೂಡಿಯನ್ನು ಬಿಡಿಸಲು ಯಮನಿಂದಲೂ ಆಗುವುದಿಲ್ಲ.

ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ಹಾಕಿ ಇಳಿದು ಬರುವಾಗ ಮೆಟ್ಟಿಲಿನ ಅಡಿ ಬೆಳ್ಳಗೆ ಹೊಳೆಯುತ್ತಿತ್ತು. ಇಡೀ ಬ್ಲಾಕಿನ ಹೆಂಗಸರು ಸೇರಿ ಅಣ್ಣುವಿನ ಮಾಲನ್ನೆಲ್ಲ ಹಿತ್ತಿಲಿಗೆ ಸಾಗಿಸಿ, ನೆಲ ತೊಳೆದು, ರಂಗೋಲಿ ಎಳೆದಿದ್ದರು. ನನ್ನ ಬೋರ್ಡನ್ನೂ ಒರೆಸಿದ್ದರು. ಒಳಗೆ ಚಾಪೆ ಹಾಸಿಕೊಂಡು ಸ್ವರ್ಣಲತಾ ಮತ್ತು ಅತ್ತೆ ಸೊಸೆ ಮಲ್ಲಿಗೆ ಕಟ್ಟುತ್ತಿದ್ದರು. ಕಸ ಎಲ್ಲಿ ಎಂದು ಕೂಗಿದೆ. ನೆಂಟರ ಎದುರು ಕಸ ಹರಡಿಕೊಂಡು ಕೂರುವುದಕ್ಕೆ ನಮಗೆ ಮೂರೂ ಬಿಟ್ಟಿಲ್ಲ ಎಂದು ಅತ್ತೆ ಹೇಳಿದರು. ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು.

ಪ್ರಿಯಂವದಾ ಮೇಡಂ ಬಂದು ನಿಂತರು. ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದು ನೆಲ ಮುಟ್ಟಿದರು. ತಂಪು, ಘಮ, ನಡುವೆ ಮೂವರು ಹೆಂಗಸರು. ತಮ್ಮ ಸೇವಾವಧಿಯಲ್ಲಿ ಇಷ್ಟು ಯಶಸ್ವಿಯಾದ ಉದ್ಧಾರವನ್ನು ನೋಡಿಲ್ಲ, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ವಿನ್ಯಾಸ ಮಾಡುವುದೆಂದರೆ ಇದು ಎಂದು ರಿತೇಶನ ಕೈ ಕುಲುಕಿದರು. ರಿತೇಶ್ ವಿನಯದಿಂದ ತಲೆ ತಗ್ಗಿಸಿದ. ಅಲ್ಲಿಯೇ ನಂತರದ ಫೋಟೋ ತೆಗೆಯಲಾಯಿತು. ಸ್ವರ್ಣಲತಾ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಆ ದಿನ ಏಜೆಂಟ್ ಒಂದು ಚೆಂಡನ್ನೂ ತಿರುಗಿಸಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮರುವಾರ ಕೃಷ್ಣರಾಜರು ಸಪ್ಪೆ ಮುಖ ಹಾಕಿಕೊಂಡು ಬಂದರು. ಕಡತದಲ್ಲಿ ನಂತರದ ಫೋಟೋ ಉಂಟು, ಮುಂಚಿನದು ಇಲ್ಲ. ಮುಂಚೆಯೇ ಇಲ್ಲದ ಮೇಲೆ ನಂತರ ಎಲ್ಲಿಂದ ಬಂತು ಎಂದು ಲೆಕ್ಕ ಪರಿಶೋಧಕರು ಕೇಳಿದ್ದಾರಂತೆ. ಮುಂಚಿನದನ್ನು ಈಗ ಮಾಡದೆ ನಿರ್ವಾಹ ಇಲ್ಲ ಎಂದರು. ನ್ಯಾಯವಾದ ಮಾತು. ಹೆಂಗಸರನ್ನು ಏಳಿಸಿದೆವು. ಅಣ್ಣು ಹಿತ್ತಿಲಿನಿಂದ ತನ್ನ ಮಾಲನ್ನು ವಾಪಸು ತಂದು, ಮಳೆಯಲ್ಲಿ ನೆನೆದು ಇನ್ನೂ ಒಳ್ಳೆದಾಗಿದೆ ಎಂದು ಹೇಳುತ್ತಾ ಜೋಡಿಸಿದ. ಫೋಟೋ ಅದ್ಭುತವಾಗಿ ಬಂತು. ಬಿಲ್ಲು ಪಾಸಾಯಿತು, ಫಲಕ ಬಂತು, ಕಡತ ಮುಚ್ಚಿತು.

ಇನ್ನು ಗುಡಿಸಬಹುದಾ ಎಂದು ಸ್ವರ್ಣಲತಾ ಹಿಡಿಸೂಡಿ ಹಿಡಿದುಕೊಂಡೇ ಬಂದು ಕೇಳಿದಳು. ಕೃಷ್ಣರಾಜರಿಗೆ ನಿಜವಾಗಿ ಬೇಸರವಾಯಿತು.

“ಆಗುವುದಿಲ್ಲಮ್ಮ. ಕಡತ ಮುಚ್ಚುವಾಗ ಜಾಗ ಹೇಗಿತ್ತೋ ಹಾಗೆಯೇ ಕಾಯ್ದುಕೊಂಡು ಬರಬೇಕು. ಈಗ ಗುಡಿಸಿದರೆ ಅದು ಎರಡನೇ ಉದ್ಧಾರ ಆಗುತ್ತದೆ. ಒಂದೇ ಜಾಗವನ್ನು ಎರಡು ಸಲ ಉದ್ಧಾರ ಮಾಡಿದರೆ ನನ್ನ ಪೆನ್ಶನಿಗೆ ಕುತ್ತು.”

ಒಬ್ಬ ಮನುಷ್ಯನ ಪೆನ್ಶನ್ ತೆಗೆಯುವಷ್ಟು ಕೆಟ್ಟವಳಲ್ಲ ನನ್ನ ಹೆಂಡತಿ. ಹಿಡಿಸೂಡಿಯನ್ನು ಬಾಗಿಲ ಹಿಂದೆ ಇಟ್ಟಳು. ಈಗ ಜಾಗ ಸಂರಕ್ಷಿತವಾಗಿದೆ. ನನ್ನ ಹೆಸರಿನ ಫಲಕ ಕಮೋಡಿನ ಹಿಂದೆ ಉಂಟು, ಮೊಣಕಾಲೂರಿ ಬಗ್ಗಿದರೆ ಸ್ಪಷ್ಟವಾಗಿ ಓದಬಹುದು.

ಯೋಜನೆಗೆ ಪ್ರಶಸ್ತಿ ಬಂತು. ನಂತರದ ಫೋಟೋವನ್ನು ಗೋಡೆಯಷ್ಟು ದೊಡ್ಡ ಬೋರ್ಡು ಮಾಡಿ ನಮ್ಮ ಗೇಟಿನ ಹೊರಗೆ, ಹೆದ್ದಾರಿಗೆ ಮುಖ ಮಾಡಿ ನಿಲ್ಲಿಸಿದರು. ಉಡುಪಿಗೆ ಹೋಗುವ ಬಸ್ಸಿನವರೆಲ್ಲ ಸ್ವರ್ಣಲತಾ ಹೂ ಕಟ್ಟುವುದನ್ನು ನೋಡುತ್ತಾ ಹೋಗುತ್ತಾರೆ. ಆ ಬೋರ್ಡಿನ ಬೆನ್ನಿಗೆ ಬೆಳಗಿನ ಹೊತ್ತು ಒಳ್ಳೆ ನೆರಳು. ಬಸ್ಸಿನ ಗಾಳಿಯೂ ಹೊಡೆಯುವುದಿಲ್ಲ. ಮೂವರೂ ಚಾಪೆ ತೆಗೆದುಕೊಂಡು ಹೋಗಿ ಅಲ್ಲಿ ಕೂತರು. ಎದುರಿನಿಂದ ಬಂದವರಿಗೆ ಚಿತ್ರದಲ್ಲಿ ಕಟ್ಟುವವರು ಕಾಣುತ್ತಾರೆ, ಹಿಂದಿನಿಂದ ಹೋದವರಿಗೆ ನಿಜವಾಗಿ ಕಟ್ಟುವವರು. ಏಜೆಂಟನಿಗೂ ರಿಕ್ಷಾ ಒಳಗೆ ತರುವ ಕೆಲಸ ತಪ್ಪಿತು. ಎಲ್ಲ ಸುಸೂತ್ರವಾಯಿತು ಎಂದು ನಾನು ವರದಿ ಮುಗಿಸುವವನಿದ್ದೆ.

ಕಳೆದ ಸೋಮವಾರ ಬೆಳಿಗ್ಗೆ ಕೃಷ್ಣರಾಜರೂ ರಿತೇಶನೂ ಬೋರ್ಡಿನ ಹಿಂದೆ ಬಂದು ನಿಂತರು. ರಿತೇಶ್ ಟೇಪು ಬಿಚ್ಚಿದ. ಬೋರ್ಡು ಮತ್ತು ಕಾಂಪೌಂಡಿನ ನಡುವೆ ಯಾವ ನಕ್ಷೆಯಲ್ಲಿಯೂ ಇಲ್ಲದ ಒಂದು ಸ್ಥಳ ಹೊಸದಾಗಿ ಉಂಟಾಗಿದೆ, ಯಾರೂ ಗಮನಿಸಿಲ್ಲ ಎಂದ. ಏಳಿ ಎಂದು ಯಾರೂ ಹೇಳಲಿಲ್ಲ. ಸ್ವರ್ಣಲತಾ ತಾನಾಗಿ ಎದ್ದಳು, ಅತ್ತೆ ಸೊಸೆ ಇಬ್ಬರನ್ನೂ ಏಳಿಸಿದಳು, ಚಾಪೆ ಸುತ್ತಿದಳು, ಮೊಗ್ಗಿನ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡಳು.

“ಸಾರ್, ಈ ಸಲ ಮುಂಚಿನ ಫೋಟೋವನ್ನು ಮುಂಚೆ ತೆಗೆಯುತ್ತೀರಾ, ಅಲ್ಲ ನಂತರದ್ದನ್ನು ಮುಂಚೆ ತೆಗೆಯುತ್ತೀರಾ? ಅದು ಗೊತ್ತಾದರೆ ನಾವು ಕೂರುವುದಾ, ಅಣ್ಣುವಿಗೆ ಫೋನ್ ಮಾಡುವುದಾ ಎಂದು ನೋಡಬಹುದು.”

ಪ್ರಶ್ನೆ ಕ್ರಮಬದ್ಧವಾಗಿದೆ ಎಂದು ಕೃಷ್ಣರಾಜರು ಮೆಚ್ಚಿಕೊಂಡರು. ಸ್ಪಷ್ಟೀಕರಣ ಕೋರಿ ಮೇಲಿನ ಕಚೇರಿಗೆ ಬರೆದಿದ್ದಾರೆ. ಅದು ಬರುವವರೆಗೆ ಆ ಜಾಗದಲ್ಲಿ ಕೂರುವ ಹಾಗಿಲ್ಲ, ಆದರೆ ನಿಲ್ಲುವುದರ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಮೂವರೂ ನಿಂತುಕೊಂಡೇ ಹೂ ಕಟ್ಟುತ್ತಿದ್ದಾರೆ. ಕಾಲು ನೋಯುವುದಿಲ್ಲವಾ ಎಂದು ನಿನ್ನೆ ಸ್ವರ್ಣಲತಾಳನ್ನು ಕೇಳಿದೆ. ಅಭ್ಯಾಸವಾಯಿತು ಎಂದಳು.